ಯಂತ್ರ ಬಂದಿದೆ, ಧ್ವನಿ ಯಾರದು?

(ಊರಿಗಾಂನಲ್ಲಿ ಪೋಷಕರು ಮತ್ತು ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಡಿಜಿಟಲ್ ತಂತ್ರಜ್ಞಾನ ಮತ್ತು ಸಮುದಾಯದ ಪ್ರಗತಿ ಎಂಬ ವಿಷಯವನ್ನು ಆಯೋಜಕರು ನಮಗೆ ಒಪ್ಪಿಸಿದ್ದಾರೆ. ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರಿಗೆ ಮೊಬೈಲು ಯುವ ಪೀಳಿಗೆಯನ್ನು ಕೆಡಿಸಲು ಬಂದ ಪಿಡುಗು. ಇನ್ನು ಕೆಲವರಿಗೆ ಅದು ಬಡತನವನ್ನೇ ತೊಡೆದು ಹಾಕುವ ಸಾಧನ. ಮೊದಲನೆಯವರ ಮಾತು ಕೇಳಿ ಯಾರೂ ಮೊಬೈಲು ಬಿಟ್ಟಿಲ್ಲ. ಎರಡನೆಯವರ ಮಾತು ಕೇಳಿ ಯಾರ ಬಡತನವೂ ನೀಗಿಲ್ಲ. ಆದುದರಿಂದ ನಾವು ಈ ಎರಡನ್ನೂ ಬದಿಗಿಟ್ಟು, ಇಲ್ಲಿಂದ ಬಹಳ ದೂರವಿಲ್ಲದ ಒಂದು ಹಳ್ಳಿಯಲ್ಲಿ ನಡೆದ ಪ್ರಯೋಗದ ಕುರಿತು ಮಾತನಾಡಲು ಬಯಸುತ್ತೇವೆ. ಅದಕ್ಕೆ ಮುನ್ನ ಈ ಊರಿನ ಬಗ್ಗೆಯೇ ಸ್ವಲ್ಪ ಹೇಳಬೇಕು.

ಊರಿಗಾಂ ಜನತೆಗೆ ತಂತ್ರಜ್ಞಾನ ಹೊಸತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಬಳಿಕ ಆ ಕಾಲದ ಅತ್ಯುತ್ತಮ ಯಂತ್ರಗಳು ಈ ನೆಲಕ್ಕೆ ಬಂದವು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 90 ಮೈಲಿ ದೂರದ ತಂತಿಯ ಮೂಲಕ ಇಲ್ಲಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲೇ ಇಲ್ಲಿ ವಿದ್ಯುತ್ತಿತ್ತು. 1965ರಲ್ಲಿ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣವನ್ನು ಪತ್ತೆ ಹಚ್ಚಿದರು. ಬಂಡೆ ಸಿಡಿಯುವ ಅಪಾಯವನ್ನು ಅರಿಯಲು ಕಂಪನವನ್ನು ಅಳೆಯುವ ಉಪಕರಣಗಳನ್ನು ಗಣಿಯೊಳಗೆ ಅಳವಡಿಸಲಾಗಿತ್ತು. ಬಂಡೆಗಳ ಅಧ್ಯಯನಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇಲ್ಲಿ ಸ್ಥಾಪನೆಯಾಯಿತು. ಕಲ್ಲಿನೊಳಗಿನ ಸಣ್ಣ ಸದ್ದನ್ನೂ ಆಲಿಸುವ ಯಂತ್ರ ಈ ಊರಿನಲ್ಲಿತ್ತು. ಆದರೆ ಗಣಿಗೆ ಇಳಿದ ಮನುಷ್ಯನ ಮಾತನ್ನು ಆಲಿಸುವ ವ್ಯವಸ್ಥೆ ಇತ್ತೇ?

ವಿದ್ಯುತ್ತು ಬಂದುದು ಗಣಿಯ ಯಂತ್ರಗಳನ್ನು ಓಡಿಸುವುದಕ್ಕಾಗಿ; ಕಾರ್ಮಿಕರ ಲೈನು ಮನೆಗಳನ್ನು ಬೆಳಗಿಸುವುದಕ್ಕಾಗಿ ಅಲ್ಲ. ತೀರ್ಮಾನಗಳು ಮೊದಲು ಲಂಡನ್ನಿನಲ್ಲಿ, ತರುವಾಯ ದೆಹಲಿಯಲ್ಲಿ ಆದವು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಹೊರತೆಗೆದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ತೀರ್ಮಾನದಲ್ಲೂ ಇಲ್ಲಿನ ಕುಟುಂಬಗಳ ಮಾತು ನಡೆಯಲಿಲ್ಲ. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುವುದೇ ಸಾವಿರಾರು ಮಂದಿಯ ಬದುಕಾಯಿತು. ಮಾಹಿತಿ ತಂತ್ರಜ್ಞಾನದ ನಗರವೆಂದು ಲೋಕವೆಲ್ಲ ಕೊಂಡಾಡುವ ಊರು ಆ ರೈಲು ಹಳಿಯ ಇನ್ನೊಂದು ತುದಿಯಲ್ಲಿದೆ. ಅದರ ನೆರಳು ನಮ್ಮ ಮೇಲೆ ಬಿದ್ದಿದೆಯೇ ಹೊರತು ಬೆಳಕು ಬಿದ್ದಿಲ್ಲ ಎಂದು ಇಲ್ಲಿನ ಹಿರಿಯರು ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ.

ಗಣಿ ಮುಚ್ಚಿದ ಆ ವರ್ಷಗಳಲ್ಲೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಒಂದು ಕೆಲಸ ಮೊದಲಾಯಿತು. ಬೂದಿಕೋಟೆಯ ಹೆಸರನ್ನು ಕೇಳದವರು ನಮ್ಮಲ್ಲಿ ಇರಲಾರರು. ಅದು ಹೈದರಲಿಯ ಜನ್ಮಸ್ಥಳವೆಂದು ನಾವು ಮಕ್ಕಳಿಗೆ ಹೇಳುತ್ತೇವೆ, ಹೆಮ್ಮೆ ಪಡುತ್ತೇವೆ. ಆದರೆ ಅದೇ ಊರಿನ ಬಡ ಹೆಂಗಸರು ಇತ್ತೀಚಿನ ಕಾಲದಲ್ಲಿ ಮಾಡಿದ ಕೆಲಸವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಮುನ್ನೂರು ವರ್ಷ ಹಿಂದಿನ ಅಭಿಮಾನ ನಮಗೆ ಸುಲಭ. ಇಪ್ಪತ್ತು ವರ್ಷ ಹಿಂದಿನ ಪಾಠ ಕಷ್ಟ.

ಆ ಕೆಲಸದ ಹೆಸರು 'ನಮ್ಮ ಧ್ವನಿ'. ಬೂದಿಕೋಟೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ಕಟ್ಟಿದ ಮಹಿಳಾ ಸ್ವಸಹಾಯ ಸಂಘಗಳಿದ್ದವು. ಬೆಂಗಳೂರಿನ 'ವಾಯ್ಸಸ್' ಎಂಬ ಸಂಸ್ಥೆ ಸಮುದಾಯ ಮಾಧ್ಯಮದ ಅನುಭವವನ್ನು ತಂದಿತು. ಯುನೆಸ್ಕೋ ಆರ್ಥಿಕ ನೆರವನ್ನಿತ್ತಿತು. ಒಂದು ಪುಟ್ಟ ಧ್ವನಿಮುದ್ರಣ ಕೊಠಡಿ ಸಿದ್ಧವಾಯಿತು. ಮುಂದೆ ಕಂಪ್ಯೂಟರು ಮತ್ತು ಅಂತರ್ಜಾಲವಿರುವ ಮಾಹಿತಿ ಕೇಂದ್ರವೂ ಅದಕ್ಕೆ ಜೊತೆಯಾಯಿತು. ಕಾರ್ಯಕ್ರಮ ತಯಾರಿಸಿದವರು ಅದೇ ಊರಿನ ಹೆಂಗಸರು ಮತ್ತು ಹುಡುಗರು. ಸಾಲದ ಲೆಕ್ಕ, ಬೇಸಾಯ, ಆರೋಗ್ಯ, ಮಕ್ಕಳ ಶಾಲೆ, ಪಂಚಾಯತಿಯ ಕೆಲಸ, ಜನಪದ ಹಾಡು - ಇವೇ ಅದರ ವಿಷಯಗಳು. ಕೇಳುಗರ ಪರಿಚಿತ ಭಾಷೆಯಲ್ಲಿ, ಕೇಳುಗರ ಪರಿಚಿತ ಕಂಠದಲ್ಲಿ.

ಇಲ್ಲಿ ಒಂದು ತೊಡಕಿತ್ತು. ಅಂದಿನ ಕಾನೂನಿನ ಪ್ರಕಾರ ಹಳ್ಳಿಯ ಜನ ರೇಡಿಯೊ ಕೇಂದ್ರ ನಡೆಸುವಂತಿರಲಿಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲೇ ಹೇಳಿತ್ತು. ಆದರೆ ಸ್ವತ್ತಿನ ಒಡೆಯರಿಗೆ ಅದರ ಬಾಗಿಲು ತೆರೆಯಲಿಲ್ಲ. ಖಾಸಗಿ ಕಂಪನಿಗಳು ಕೋಟಿಗಟ್ಟಲೆ ಹಣ ಕೊಟ್ಟು ಎಫ್‌ಎಂ ಪರವಾನಗಿ ಪಡೆಯಬಹುದಿತ್ತು. 2002ರ ಕೊನೆಯಲ್ಲಿ ಪ್ರತಿಷ್ಠಿತ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ದೊರೆಯಿತು. ಸಾಮಾನ್ಯ ಜನರ ಸಂಘಸಂಸ್ಥೆಗಳಿಗೆ ಬಾಗಿಲು ತೆರೆದುದು 2006ರ ನವೆಂಬರ್‌ನಲ್ಲಿ. ಸಿನಿಮಾ ಹಾಡಿಗೆ ಆಕಾಶ ಮುಕ್ತ, ರೈತ ಮಹಿಳೆಯ ಮಾತಿಗೆ ನಿಷಿದ್ಧ - ಇದು ನಮ್ಮ ಪ್ರಜಾಪ್ರಭುತ್ವದ ಅಂದಿನ ವೈಖರಿಯಾಗಿತ್ತು. ಇಂದಿಗೂ ಸಮುದಾಯ ಬಾನುಲಿ ಕೇಂದ್ರಗಳು ಸ್ವಂತ ಸುದ್ದಿಯನ್ನು ಬಿತ್ತರಿಸುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮಾತ್ರ ಮರುಪ್ರಸಾರ ಮಾಡಬಹುದು.

ಬೂದಿಕೋಟೆಯವರು ಈ ತೊಡಕಿನ ಮುಂದೆ ಕೈಕಟ್ಟಿ ಕೂರಲಿಲ್ಲ. ಮೊದಲು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ ಸಂಘಗಳ ಸಭೆಗಳಲ್ಲಿ ಕೇಳಿಸಿದರು, ಧ್ವನಿವರ್ಧಕ ಬಳಸಿದರು. ಬಳಿಕ 2003ರ ಹೊತ್ತಿಗೆ ಒಂದು ಸರಳ ಉಪಾಯ ಕಂಡುಕೊಂಡರು. ಪರವಾನಗಿ ಬೇಕಾದುದು ಗಾಳಿಯಲ್ಲಿ ಹೋಗುವ ತರಂಗಕ್ಕೆ, ತಂತಿಯಲ್ಲಿ ಹೋದರೆ? ಊರಿನಲ್ಲಿ ಟಿವಿ ಕೇಬಲ್ ಇದ್ದೇ ಇತ್ತು. ಕೇಬಲ್ ನಡೆಸುವವರನ್ನು ಒಪ್ಪಿಸಿ, ಅದೇ ತಂತಿಯ ಮೂಲಕ ತಮ್ಮ ಧ್ವನಿಯನ್ನು ಮನೆಗಳಿಗೆ ತಲುಪಿಸಿದರು. ಟಿವಿ ಇಲ್ಲದ ಮನೆಗಳಿಗಾಗಿ ಕೇಬಲ್ ಜೋಡಿಸಬಹುದಾದ ರೇಡಿಯೊ ಪೆಟ್ಟಿಗೆಗಳ ವ್ಯವಸ್ಥೆಯಾಯಿತು. ದೇಶದ ಮಾಧ್ಯಮ ಪಂಡಿತರು ವಿಚಾರಸಂಕಿರಣಗಳಲ್ಲಿ ಚರ್ಚಿಸುತ್ತಿದ್ದುದನ್ನು, ಹೆಚ್ಚು ಓದಿಲ್ಲದ ಹೆಂಗಸರಿದ್ದ ಒಂದು ಹಳ್ಳಿ ಮಾಡಿ ತೋರಿಸಿತು.

ಕುಡಿಯುವ ನೀರು ಸಿಗದಾದಾಗ ಹೆಂಗಸರು ತಮ್ಮ ಅಳಲನ್ನು ಆ ಕೊಠಡಿಯಲ್ಲಿ ಹೇಳಿಕೊಂಡುದು, ಅದು ಊರೆಲ್ಲ ಕೇಳಿಸಿದ ಬಳಿಕ ಪಂಚಾಯತಿ ಎಚ್ಚೆತ್ತುದು ಆ ದಿನಗಳ ವರದಿಗಳಲ್ಲಿ ದಾಖಲಾಗಿದೆ. ಇದರ ಗುಟ್ಟನ್ನು ಗಮನಿಸಿರಿ. ಅದೇ ಹೆಂಗಸರು ಅದೇ ಮಾತನ್ನು ಕೊಳಾಯಿಯ ಬಳಿ ಎಷ್ಟು ಬಾರಿ ಆಡಿಕೊಂಡಿರಲಿಕ್ಕಿಲ್ಲ! ಅರ್ಜಿ ಕೂಡಾ ಕೊಟ್ಟಿರಬಹುದು. ಅರ್ಜಿ ಕಡತಕ್ಕೆ ಸೇರುತ್ತದೆ. ಆದರೆ ನೆರೆಮನೆಯವರೆಲ್ಲ ಕೇಳಿಸಿಕೊಂಡ ಮಾತನ್ನು ಕಡತಕ್ಕೆ ಸೇರಿಸಿ ಮುಚ್ಚಿಬಿಡಲು ಬರುವುದಿಲ್ಲ. ಅಲ್ಲಿ ಪಂಚಾಯತಿಯ ಸದಸ್ಯರೂ ಅದೇ ಕೇಬಲಿನ ಕೇಳುಗರು.

ಇದೆಲ್ಲ ಸ್ವರ್ಗದಂತಿತ್ತೆಂದು ನಾವು ಹೇಳುವುದಿಲ್ಲ. ಹೊರಗಿನ ಹಣದಿಂದ ಆರಂಭವಾದ ಕೇಂದ್ರಗಳಿಗೆ ಅನುದಾನ ಮುಗಿದಾಗ ಏದುಸಿರು ಬರುವುದು ನಮ್ಮ ದೇಶದ ಸಾಮಾನ್ಯ ಕತೆ. ಆ ಕಾಲದಲ್ಲಿ ಊರೂರಿಗೆ ಬಂದ ಮಾಹಿತಿ ಕೇಂದ್ರಗಳಲ್ಲಿ ಅನೇಕವು ಧೂಳು ಹಿಡಿದು ಮುಚ್ಚಿಹೋದವು. ಆದರೆ ಬೂದಿಕೋಟೆಯಲ್ಲಿ ಯಂತ್ರಕ್ಕಿಂತ ಮೊದಲು ಸಂಘವಿತ್ತು. ವಾರವಾರ ಸೇರುವ, ಲೆಕ್ಕ ಬರೆಯುವ, ಒಬ್ಬರ ಮುಖ ಒಬ್ಬರು ಬಲ್ಲ ಹೆಂಗಸರ ಗುಂಪು ಮೊದಲು, ಮೈಕು ಆಮೇಲೆ. ನಾವು ಇಂದು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ. ಮೊದಲು ಯಂತ್ರ ಕೊಳ್ಳುತ್ತೇವೆ, ಅದನ್ನು ಉದ್ಘಾಟಿಸಲು ಗಣ್ಯರನ್ನು ಕರೆಯುತ್ತೇವೆ, ಬಳಸುವವರು ಯಾರೆಂದು ಆಮೇಲೆ ಹುಡುಕುತ್ತೇವೆ.

ಬಡತನ ನಿವಾರಣೆಗೆ ಮಾಹಿತಿ ತಂತ್ರಜ್ಞಾನವನ್ನು ಬಳಸುವ ಯುನೆಸ್ಕೋದ ಅದೇ ಯೋಜನೆ ದಕ್ಷಿಣ ಏಷ್ಯಾದ ಬೇರೆ ಕಡೆಗಳಲ್ಲೂ ನಡೆದಿತ್ತು. ಅವುಗಳಲ್ಲಿ ಒಂದು ಈ ಸಭೆಗೆ ವಿಶೇಷವಾಗಿ ಸಂಬಂಧಿಸಿದುದು. ದೆಹಲಿಯ ಸೀಲಂಪುರ ಪ್ರದೇಶವನ್ನು ಬಲ್ಲವರು ಬಲ್ಲರು - ಇಕ್ಕಟ್ಟಾದ ಗಲ್ಲಿಗಳು, ಮನೆಯಲ್ಲೇ ಕೂತು ತುಂಡು ಕೂಲಿಗೆ ಹೊಲಿಗೆ, ಕಸೂತಿ ಮಾಡುವ ಮುಸ್ಲಿಂ ಹೆಂಗಸರು. ಅವರಿಗಾಗಿ ಡಾಟಾಮೇಶನ್ ಫೌಂಡೇಶನ್ ಎಂಬ ಸಂಸ್ಥೆ ಕಂಪ್ಯೂಟರ್ ಕೇಂದ್ರವನ್ನು ಸ್ಥಾಪಿಸಿತು. ಎಲ್ಲಿ ಬಲ್ಲಿರಾ? ಬಾಬುಲ್ ಉಲೂಮ್ ಎಂಬ ಮದರಸದ ಆವರಣದಲ್ಲಿ.

ಮದರಸವೆಂದರೆ ಕಂಪ್ಯೂಟರಿಗೆ ವಿರೋಧಿ ಎಂದು ಭಾವಿಸಿರುವವರಿಗೆ ಇದು ಆಶ್ಚರ್ಯ. ಮದರಸದ ಚಾಪೆಯ ಮೇಲೆ ಕೂತು ಕಲಿತ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಮಾರುಕಟ್ಟೆಯ ಸೈಬರ್ ಕೆಫೆಗೆ ಮಗಳನ್ನು ಕಳುಹಿಸಲು ಒಪ್ಪದ ತಂದೆ, ಮದರಸಕ್ಕೆ ಕಳುಹಿಸಲು ಒಪ್ಪಿದ. ಅತ್ತೆ ಸೊಸೆಯನ್ನು ತಡೆಯಲಿಲ್ಲ. ಯಂತ್ರ ಒಂದೇ, ಅದನ್ನು ಇಟ್ಟ ಜಾಗ ಬೇರೆ, ಅಷ್ಟೇ. ಅಲ್ಲಿಗೆ ಬಂದ ಹೆಣ್ಣುಮಕ್ಕಳು ಕಂಪ್ಯೂಟರಿನ ಜೊತೆಗೆ ಬೇರೆ ಕಸುಬುಗಳನ್ನೂ ಕಲಿತರು, ಮನೆಯ ಗೋಡೆಗಳಾಚೆಗೆ ಪರಸ್ಪರ ಭೇಟಿಯಾದರು. ಹಾಗಿದ್ದ ಮೇಲೆ ನಮ್ಮ ಹೆಣ್ಣುಮಕ್ಕಳು ಹಿಂದುಳಿದಿರುವುದಕ್ಕೆ ಧರ್ಮ ಕಾರಣವೋ, ಅವರು ನಿರ್ಭಯವಾಗಿ ಹೋಗಬಹುದಾದ ಜಾಗವನ್ನು ನಾವು ಕಟ್ಟಿಕೊಡದಿರುವುದು ಕಾರಣವೋ? ನಮ್ಮನ್ನು ದೂರುವವರಿಗೆ ಮಾತ್ರವಲ್ಲ, ನಮಗೂ ನಾವು ಈ ಪ್ರಶ್ನೆ ಹಾಕಿಕೊಳ್ಳಬೇಕಾಗಿದೆ.

ಇದೆಲ್ಲ ಹಳೆಯ ಕತೆ, ಈಗ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲಿದೆ, ಕೇಂದ್ರದ ಅಗತ್ಯವೇನು ಎಂದು ಯುವಕರು ಕೇಳಬಹುದು. ಯಾರ ಜೇಬು ಎಂಬುದೇ ನಮ್ಮ ಮರುಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಗಂಡಸರಲ್ಲಿ ಶೇ. 57 ಮಂದಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದರೆ, ಹೆಂಗಸರಲ್ಲಿ ಅದು ಶೇ. 33 ಮಾತ್ರ. ಆ ಬಳಿಕ ಸಂಖ್ಯೆ ಏರಿರಬಹುದು. ಆದರೆ ಮನೆಯಲ್ಲಿರುವ ಒಂದು ಮೊಬೈಲು ಬೆಳಿಗ್ಗೆ ಯಜಮಾನನ ಜೊತೆಗೆ ರೈಲು ಹತ್ತಿ ಬೆಂಗಳೂರಿಗೆ ಹೋದರೆ, ಹಗಲಿಡೀ ಆ ಮನೆಯಲ್ಲಿ ಮೊಬೈಲು ಇದ್ದೂ ಇಲ್ಲದಂತೆ. 2023ರಲ್ಲಿ ರಾಜ್ಯ ಸರಕಾರ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡಲಾರಂಭಿಸಿತು. ಹಣ ಅವಳ ಹೆಸರಿಗೆ, ಖಾತೆ ಅವಳ ಹೆಸರಿಗೆ. ಆದರೆ ಒಟಿಪಿ ಬರುವುದು ಯಾರ ಮೊಬೈಲಿಗೆ? ಆ ಸಂಖ್ಯೆ ಗಂಡನದೋ, ಮಗನದೋ, ಅರ್ಜಿ ತುಂಬಿಕೊಟ್ಟ ಅಂಗಡಿಯವನದೋ ಎಂಬುದನ್ನು ಇಂದು ಮನೆಗೆ ಹೋಗಿ ನೋಡಿರಿ.

ಈ ವಿಷಯದಲ್ಲಿ ಬಾಂಗ್ಲಾದೇಶದ ಬಡ ಹೆಂಗಸರು ನಮಗಿಂತ ಮುಂದಿದ್ದರು. 1997ರಲ್ಲಿ ಅಲ್ಲಿ ಗ್ರಾಮೀಣ ಬ್ಯಾಂಕಿನ ಸಾಲಗಾರ್ತಿಯರಿಗೆ ಸಾಲದ ಮೇಲೆ ಮೊಬೈಲು ಕೊಡುವ ಯೋಜನೆ ಶುರುವಾಯಿತು. ಊರಿಗೆ ಇರುವ ಒಂದೇ ಮೊಬೈಲು ಒಬ್ಬ ಬಡ ಹೆಂಗಸಿನ ಕೈಯಲ್ಲಿತ್ತು. ಕರೆ ಮಾಡಲು ಊರಿನ ಜಮೀನ್ದಾರನೂ ಅವಳ ಅಂಗಳಕ್ಕೆ ಬರಬೇಕಾಯಿತು. ಮೊಬೈಲು ಅಗ್ಗವಾದ ಮೇಲೆ ಆ ವ್ಯಾಪಾರ ಕುಂದಿತು, ನಿಜ. ಆದರೆ ಯಂತ್ರವನ್ನು ಮೊದಲು ಯಾರ ಕೈಗೆ ಕೊಡಬೇಕೆಂಬ ವಿವೇಕ ಅದರಲ್ಲಿತ್ತು.

ಇನ್ನು ನಮ್ಮ ಸಮುದಾಯಕ್ಕೆ ನೇರವಾಗಿ ತಟ್ಟಿದ ಒಂದು ಸಂಗತಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕೇಂದ್ರ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಹಾಕುವ ಪದ್ಧತಿ ಬಂದಾಗ, ಇನ್ನು ಮುಂದೆ ದಲ್ಲಾಳಿಗಳ ಕಾಟ ತಪ್ಪಿತು, ಹಣ ನೇರವಾಗಿ ಮಗುವಿನ ಖಾತೆಗೆ ಬರುತ್ತದೆ ಎಂದು ಎಲ್ಲರೂ ಹರ್ಷಪಟ್ಟೆವು. ಆದುದೇನು? 2023ರಲ್ಲಿ ಕೇಂದ್ರ ಅಲ್ಪಸಂಖ್ಯಾತ ಸಚಿವಾಲಯವೇ ಸಿಬಿಐಗೆ ದೂರು ಕೊಟ್ಟಿತು. 21 ರಾಜ್ಯಗಳಲ್ಲಿ ಪರಿಶೀಲಿಸಿದ 1,572 ಸಂಸ್ಥೆಗಳ ಪೈಕಿ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ! ಐದು ವರ್ಷಗಳಲ್ಲಿ ಆದ ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚೆಂದು ಸಚಿವಾಲಯ ಅಂದಾಜಿಸಿತು. ಇಲ್ಲದ ಶಾಲೆಯಲ್ಲಿ ಇಲ್ಲದ ಮಕ್ಕಳು ಓದಿದರು, ಅವರ ಹೆಸರಿನಲ್ಲಿ ಹಣ ಹೋಯಿತು. ಎಲ್ಲವೂ ಕಂಪ್ಯೂಟರಿನಲ್ಲಿ, ಎಲ್ಲವೂ ಪಾಸ್‌ವರ್ಡಿನೊಂದಿಗೆ!

ಕಂಪ್ಯೂಟರು ಇಲ್ಲಿ ಸುಳ್ಳು ಹೇಳಲಿಲ್ಲ; ತನಗೆ ಹೇಳಿದ್ದನ್ನು ನಂಬಿತು, ಅಷ್ಟೇ. ಆ ಮೊಹಲ್ಲಾದಲ್ಲಿ ಅಂತಹ ಶಾಲೆಯೇ ಇಲ್ಲ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಬೂದಿಕೋಟೆಯಲ್ಲಿ ಈ ಮೋಸ ಒಂದು ವಾರ ನಡೆಯಲಾರದು, ಏಕೆಂದರೆ ಕೇಳುವವರಿಗೆ ಊರು ಗೊತ್ತಿತ್ತು. ಯಾವ ಶಾಲೆಯ ಎಷ್ಟು ಮಕ್ಕಳಿಗೆ ಯಾವ ವರ್ಷ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂಬ ಸಂಖ್ಯೆಯನ್ನು ಊರಿನ ನೋಟೀಸು ಫಲಕದಲ್ಲಿ ಹಾಕುವ ಪದ್ಧತಿಯಿದ್ದಿದ್ದರೆ ಕಳ್ಳರು ಇಷ್ಟು ನಿರಾತಂಕವಾಗಿ ಇರುತ್ತಿರಲಿಲ್ಲ. ಮೋಸ ಮಾಡಿದವರಲ್ಲಿ ಯಾರ್ಯಾರಿದ್ದರು ಎಂಬುದನ್ನು ತನಿಖೆ ಹೇಳಬೇಕು. ಆದರೆ ನಷ್ಟ ಯಾರಿಗೆ ಆಯಿತು ಎಂಬುದಕ್ಕೆ ತನಿಖೆಯ ಅಗತ್ಯವಿಲ್ಲ.

ಕರ್ನಾಟಕದ 'ಭೂಮಿ' ಯೋಜನೆಯ ಅನುಭವವೂ ಇದಕ್ಕೆ ಹತ್ತಿರದ್ದು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ದೊರೆಯಲಾರಂಭಿಸಿತು. ಲಂಚ, ಅಲೆದಾಟ ಕಡಿಮೆಯಾದುದು ಸುಳ್ಳಲ್ಲ. ಆದರೆ ಇದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಭೂಮಿ ಕಬಳಿಸುವುದು ಸುಲಭವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ ವಾದಿಸಿತು. ಕಾಗದದಲ್ಲಿ ಹೆಸರಿದ್ದವನಿಗೆ ಕಂಪ್ಯೂಟರು ಅನುಕೂಲ. ಗಣಿಯ ವಸತಿಗಳಲ್ಲಿ ತಲೆಮಾರುಗಳಿಂದ ಬಾಳಿಯೂ ಹಕ್ಕುಪತ್ರಕ್ಕಾಗಿ ಅಲೆದ ಕುಟುಂಬಗಳ ಹೆಸರು ಯಾವ ಪರದೆಯ ಮೇಲೆ ಮೂಡೀತು?

ದಾಖಲೆಯ ಮಾತು ಬಂದುದರಿಂದ ಮತ್ತೊಂದು ವಿಷಯವನ್ನು ಹೇಳದೆ ಮುಂದುವರಿಯಲಾಗದು. 2025ರ ಜೂನ್‌ನಲ್ಲಿ ಕೇಂದ್ರ ಸರಕಾರ 'ಉಮೀದ್' ಪೋರ್ಟಲನ್ನು ತೆರೆದು, ದೇಶದ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಸೇರಿಸಬೇಕೆಂದಿತು. ಆ ಕಾನೂನಿನ ಚರ್ಚೆಗೆ ಬೇರೆ ವೇದಿಕೆಗಳಿವೆ. ಡಿಸೆಂಬರ್‌ನಲ್ಲಿ ಗಡುವು ಮುಗಿದಾಗ 5.17 ಲಕ್ಷ ಆಸ್ತಿಗಳ ನೋಂದಣಿ ಆರಂಭವಾಗಿತ್ತು, ಅನುಮೋದನೆ ಪಡೆದವು 2.17 ಲಕ್ಷದಷ್ಟು ಮಾತ್ರ. ಹಳೆಯ ಉರ್ದು, ಪಾರಸಿ ದಸ್ತಾವೇಜುಗಳು ಟ್ರಂಕಿನೊಳಗೆ, ಪೋರ್ಟಲು ಇಂಗ್ಲಿಷಿನಲ್ಲಿ, ನಡುವೆ ಕಂಪ್ಯೂಟರು ಬಲ್ಲ ಒಬ್ಬ ಹುಡುಗನಿಗಾಗಿ ಪರದಾಟ. ಅನೇಕ ಊರುಗಳಲ್ಲಿ ಕೊನೆಯ ವಾರಗಳು ಹೀಗೆಯೇ ಕಳೆದವು. ಹತ್ತು ವರ್ಷ ಮೊದಲೇ ದಾಖಲೆಗಳ ಪ್ರತಿ ತೆಗೆದು, ಪಟ್ಟಿ ಮಾಡಿಟ್ಟಿದ್ದರೆ ಈ ಗಡಿಬಿಡಿ ಇರುತ್ತಿರಲಿಲ್ಲ. ಯಾವ ಕಾನೂನು ಬಂದರೂ ಹೋದರೂ ಕಾಗದವನ್ನು ಕಾಪಾಡಿಕೊಳ್ಳುವುದು ನಮ್ಮದೇ ಕೆಲಸ.

ಭಾಷೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಈ ಊರಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಉಂಟು. ನಾಲ್ಕನ್ನೂ ಆಡುವವರಿದ್ದಾರೆ, ನಾಲ್ಕರಲ್ಲೊಂದನ್ನೂ ಓದಲಾರದವರೂ ಇದ್ದಾರೆ. ಮನೆಯಲ್ಲಿ ದಖ್ಖನಿ ಮಾತಾಡುವ ತಾಯಿಗೆ ಸರಕಾರಿ ಅರ್ಜಿಯ ಕನ್ನಡ ಪರಭಾಷೆಯಂತೆ; ಇಂಗ್ಲಿಷಂತೂ ದೂರದ ಮಾತು. ರಾಷ್ಟ್ರೀಯ ಉರ್ದು ಮಂಡಳಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿತ ಯುವಕರು ಉರ್ದು ಅಕ್ಷರ ಜೋಡಿಸಬಲ್ಲರು. ಸರಕಾರಿ ಶಾಲೆಯಲ್ಲಿ ಓದಿದ ಹುಡುಗಿಯರು ಕನ್ನಡವನ್ನು ಚೆನ್ನಾಗಿ ಬಲ್ಲರು. ಇವರಿಬ್ಬರನ್ನು ಒಂದೇ ಮೇಜಿನ ಮುಂದೆ ಕೂರಿಸುವ ಕೆಲಸ ಯಾವ ಸಾಫ್ಟ್‌ವೇರಿನಿಂದಲೂ ಆಗದು. ಮತ್ತು ಒಂದು ಮಾತು: ಓದಲು ಬಾರದವರಿಗೆ ಅಕ್ಷರಕ್ಕಿಂತ ಧ್ವನಿ ಹತ್ತಿರ. ಬೂದಿಕೋಟೆಯವರು ಪತ್ರಿಕೆ ಹೊರಡಿಸದೆ ಧ್ವನಿಯನ್ನು ಆರಿಸಿಕೊಂಡುದರಲ್ಲಿ ಜಾಣ್ಮೆಯಿತ್ತು. ಇಂದು ವಾಟ್ಸ್‌ಆ್ಯಪ್ ಎಂಬುದೇ ಆ ಕೇಬಲು. ಪರವಾನಗಿ ಬೇಡ, ಸ್ಟುಡಿಯೊ ಬೇಡ. ಆದರೆ ಅದರಲ್ಲಿ ನಮ್ಮ ಗುಂಪುಗಳು ಏನನ್ನು ಹಂಚುತ್ತಿವೆ? ಎಲ್ಲಿಂದಲೋ ಬಂದ ಹೆದರಿಕೆಯ ಸುದ್ದಿ, ಯಾರೋ ಮಾಡಿದ ಭಾಷಣದ ತುಣುಕು, ಹಬ್ಬಕ್ಕೆ ಮುಖಂಡರ ಚಿತ್ರವಿರುವ ಶುಭಾಶಯ. ನಮ್ಮ ಬೀದಿಗೆ ನೀರು ಯಾವ ದಿನ ಬರುತ್ತದೆ, ಸರಕಾರಿ ಆಸ್ಪತ್ರೆಗೆ ಮಕ್ಕಳ ವೈದ್ಯರು ಎಂದು ಬರುತ್ತಾರೆ, ವಿದ್ಯಾರ್ಥಿವೇತನಕ್ಕೆ ಕೊನೆಯ ದಿನ ಯಾವುದು - ಇವು ಆ ಗುಂಪುಗಳಲ್ಲಿ ಸಿಗುವುದಿಲ್ಲ.

ಹಾಗಾದರೆ ಊರಿಗಾಂನಲ್ಲಿ ಏನು ಮಾಡಬಹುದು? ನಾವು ದೊಡ್ಡ ಯೋಜನೆಯನ್ನು ಹಿಡಿದು ಬಂದಿಲ್ಲ. ಒಂದು ಕೋಣೆ ಸಾಕು. ಶಾದಿ ಮಹಲಿನಲ್ಲಿ ಮದುವೆಯಿಲ್ಲದ ದಿನ, ಶಾಲೆಯಲ್ಲಿ ತರಗತಿ ಮುಗಿದ ಮೇಲೆ, ಅಂಜುಮನ್ ಕಟ್ಟಡದಲ್ಲಿ ಬೀಗ ಹಾಕಿಟ್ಟಿರುವ ಕೊಠಡಿಯಲ್ಲಿ ಜಾಗವಿದ್ದೇ ಇದೆ. ಮಕ್ಕಳು ಶಾಲೆಗೆ ಹೋದ ಮೇಲೆ, ಅಂದರೆ ಹನ್ನೊಂದರಿಂದ ಮೂರರವರೆಗೆ ಅದು ತೆರೆದಿರಲಿ. ಸಂಜೆ ಏಳಕ್ಕೆ ತೆರೆದರೆ ಅದು ಮತ್ತೆ ಗಂಡಸರ ಕೇಂದ್ರವಾಗುತ್ತದೆ. ಪಿಯುಸಿ, ಪದವಿ ಮುಗಿಸಿ ಮನೆಯಲ್ಲಿ ಕೂತಿರುವ ಇಬ್ಬರು ಹೆಣ್ಣುಮಕ್ಕಳನ್ನು ಆ ಮೇಜಿನಲ್ಲಿ ಕೂರಿಸೋಣ. ಅವರಿಗೆ ಸಂಬಳ ಕೊಡಬೇಕು. ಸೇವೆ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳಿಂದ ಬಿಟ್ಟಿ ದುಡಿಸಿಕೊಳ್ಳುವ ಅಭ್ಯಾಸ ನಮ್ಮ ಸಂಸ್ಥೆಗಳಲ್ಲಿ ಸಾಕಷ್ಟಿದೆ. ಒಂದು ಮದುವೆಯ ವಿದ್ಯುತ್ ಅಲಂಕಾರಕ್ಕೆ ನಾವು ಸುರಿಯುವ ಹಣ ಅವರ ಕೆಲವು ತಿಂಗಳ ಸಂಬಳಕ್ಕೆ ಸಾಲುತ್ತದೆ ಎಂಬುದನ್ನು ಹಿರಿಯರು ಬೇಸರಿಸದೆ ಲೆಕ್ಕ ಹಾಕಲಿ.

ಅಲ್ಲಿ ಒಂದು ದಪ್ಪ ಪುಸ್ತಕವಿರಲಿ - ಕಾಗದದ ಪುಸ್ತಕ. ಯಾರ ಯಾವ ಅರ್ಜಿ, ಯಾವ ದಿನ, ಸ್ವೀಕೃತಿ ಸಂಖ್ಯೆ ಎಷ್ಟು, ಕೊನೆಗೆ ಆದುದೇನು. ಪಡಿತರ ಚೀಟಿಯ ಇ-ಕೆವೈಸಿ ಏಕೆ ತಿರಸ್ಕೃತವಾಯಿತು, ಎಷ್ಟು ಮುದುಕಿಯರ ಬೆರಳಚ್ಚನ್ನು ಯಂತ್ರ ಗುರುತಿಸಲಿಲ್ಲ ಎಂಬುದು ಆರು ತಿಂಗಳಲ್ಲಿ ಆ ಪುಸ್ತಕದಿಂದ ತಿಳಿಯುತ್ತದೆ. ಒಬ್ಬೊಬ್ಬರೇ ಹೋದರೆ 'ಸರ್ವರ್ ಡೌನ್' ಎಂಬ ಉತ್ತರ ಬರುತ್ತದೆ. ನಲವತ್ತು ಹೆಸರಿನ ಪಟ್ಟಿ ಹಿಡಿದು ತಹಶೀಲ್ದಾರರ ಬಳಿಗೋ ನಗರಸಭೆಗೋ ಹೋದರೆ ಆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ.

ಆಧಾರ್ ಪ್ರತಿಯನ್ನು, ಬೆರಳಚ್ಚನ್ನು, ಒಟಿಪಿಯನ್ನು ಆ ಕೋಣೆಯಲ್ಲಿ ಇಟ್ಟುಕೊಳ್ಳಕೂಡದು. ಇದು ಕಟ್ಟುನಿಟ್ಟಿನ ನಿಯಮವಾಗಿರಲಿ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ನೋಂದಣಿ ದಾಖಲೆಗೇ ಈ ಗತಿಯಾದರೆ, ಬೀದಿ ಬದಿಯ ಅಂಗಡಿಯಲ್ಲಿ ಬಿಟ್ಟುಬಂದ ನಮ್ಮ ಪ್ರತಿಗಳ ಗತಿಯೇನು?

ಕೋಣೆಯ ಬಾಗಿಲು ಎಲ್ಲರಿಗೂ ತೆರೆದಿರಲಿ. ಚಾಂಪಿಯನ್ ರೀಫಿನ ತಮಿಳು ಮಾತಾಡುವ ದಲಿತ ತಾಯಿಗೆ, ಆಂಡರ್ಸನ್‌ಪೇಟೆಯ ತೆಲುಗು ಅಜ್ಜಿಗೆ ಇರುವ ತೊಂದರೆ ನಮ್ಮ ತಾಯಂದಿರ ತೊಂದರೆಯೇ. ಇವರೆಲ್ಲರ ಗಂಡಂದಿರು, ತಂದೆಯಂದಿರು ಒಂದೇ ಗಣಿಗೆ ಇಳಿದವರು. ನಮ್ಮವರಿಗೆ ಮಾತ್ರ ಎಂದು ಫಲಕ ಹಾಕಿದ ದಿನ ಆ ಕೋಣೆಯ ಬಲ ಅರ್ಧವಾಗುತ್ತದೆ. ನಗರಸಭೆಗೆ ಹೋಗುವ ಪಟ್ಟಿಯೂ ಅರ್ಧವಾಗುತ್ತದೆ.

ವಾರಕ್ಕೊಮ್ಮೆ ಹತ್ತು ನಿಮಿಷದ ಧ್ವನಿಮುದ್ರಣವನ್ನು ದಖ್ಖನಿಯಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಆ ಕೋಣೆಯಿಂದ ಮೊಬೈಲುಗಳಿಗೆ ಕಳುಹಿಸಬಹುದು. ಅದರಲ್ಲಿ ನಾವು, ಅಂದರೆ ಮೌಲ್ವಿಗಳು, ಪತ್ರಕರ್ತರು, ಮುಖಂಡರು ಮಾತನಾಡಕೂಡದು. ನಮಗೆ ಮಾತನಾಡಲು ಮಿಂಬರ್ ಇದೆ, ಪತ್ರಿಕೆಯಿದೆ, ಇಂತಹ ವೇದಿಕೆಗಳಿವೆ. ಆ ಹತ್ತು ನಿಮಿಷ ನೀರಿಗೆ ಕಾದವರದು, ಪಡಿತರ ಸಿಗದವರದು, ಪರೀಕ್ಷೆ ಪಾಸಾದ ಹುಡುಗಿಯದು. ಅವಳ ದನಿ ಊರಿಗೆ ಕೇಳಿಸುವುದು ಸರಿಯೇ ಎಂದು ಕೆಲವರು ಆಕ್ಷೇಪಿಸಬಹುದು. ಅವಳು ಪಡಿತರದಂಗಡಿಯ ಸಾಲಿನಲ್ಲಿ ಮೂರು ಗಂಟೆ ನಿಂತು ವಾದ ಮಾಡುವಾಗ ಇಲ್ಲದ ಆಕ್ಷೇಪ ಈಗೇಕೆ ಎಂದಷ್ಟೇ ನಾವು ಕೇಳುತ್ತೇವೆ.

ಈ ಸಭೆ ಮುಗಿದ ಬಳಿಕ ಅಧ್ಯಕ್ಷರು ಕೋಣೆಯ ವಿಷಯವನ್ನು ಮಂಡಳಿಯ ಮುಂದಿಡುವುದಾಗಿ ತಿಳಿಸಿದ್ದಾರೆ. ಆ ಮಾತುಕತೆಯಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಸಹೋದರಿಯರಲ್ಲಿ ಕನಿಷ್ಠ ನಾಲ್ವರು ಇರಬೇಕೆಂಬುದು ನಮ್ಮ ಕೋರಿಕೆ. ಕೋಣೆಗೆ ಎರಡು ಬೀಗದ ಕೈಗಳನ್ನು ಮಾಡಿಸಿ ಒಂದನ್ನು ಅವರ ಬಳಿ ಇಡುವುದು, ಸಮಯವನ್ನು ಅವರಿಂದಲೇ ನಿಗದಿಪಡಿಸುವುದು, ಸಂಬಳಕ್ಕೆ ಮೊದಲ ಆರು ತಿಂಗಳ ಹಣವನ್ನು ಮುಂಚಿತವಾಗಿ ಕೂಡಿಸಿಡುವುದು - ಈ ಮೂರು ತೀರ್ಮಾನವಾದ ಮೇಲೆ ಕಂಪ್ಯೂಟರು ಕೊಳ್ಳುವ ಮಾತು ಬರಲಿ. ಹಳೆಯದೊಂದು ಸಿಕ್ಕರೂ ಆದೀತು.